ಹೊಟ್ಟೆ ಬಿಟ್ಟ ಚಾಂಪಿಯನ್: ಡಸ್ಟಿ ರೋಡ್ಸ್ ಜನರನ್ನು ಗೆದ್ದ ಬಗೆ

ಡಸ್ಟಿ ರೋಡ್ಸ್‌ನ ಹಳೆಯ ಫೋಟೊ ಯಾವುದಾದರೂ ಒಂದನ್ನು ನೋಡಿ. ಬ್ಲೀಚ್ ಮಾಡಿದ ಗುಂಗುರು ಕೂದಲು. ಚಡ್ಡಿಯ ಮೇಲೆ ಜೋತುಬಿದ್ದ ಹೊಟ್ಟೆ. ಆ ಹೊಟ್ಟೆಯ ಮೇಲೊಂದು ದೊಡ್ಡ ಕೆಂಪು ಮಚ್ಚೆ. ಹಣೆ ತುಂಬ ಗೀರುಗೀರು ಕಲೆ. ಬಾಯಿ ತೆರೆದರೆ ಸಕಾರ ಸರಿಯಾಗಿ ಹೊರಳುತ್ತಿರಲಿಲ್ಲ. ಈ ಮನುಷ್ಯ ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆದ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಅವನ ಹೆಸರು ಹಾಕಿದರೆ ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳ ಊರೂರಲ್ಲಿ ಟಿಕೆಟ್ ಖರ್ಚಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಡಬ್ಲ್ಯುಡಬ್ಲ್ಯುಎಫ್ (ಈಗ ಡಬ್ಲ್ಯುಡಬ್ಲ್ಯುಇ ಅನ್ನುವ ಅಮೆರಿಕದ ಕುಸ್ತಿ ಕಂಪನಿ) ಟ್ರಂಪ್ ಕಾರ್ಡ್ ಆಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಆ ಕಾರ್ಡ್‌ಗಳಲ್ಲಿ ಎತ್ತರ, ತೂಕ, ಎದೆ, ಬೈಸೆಪ್ಸ್ ಅಳತೆ ಇರುತ್ತಿತ್ತು. ಯಾರದ್ದು ಜಾಸ್ತಿಯೋ ಅವರು ಗೆದ್ದರು. ಆದರೆ ಆ ಧಂದೆ ನಿಜವಾಗಿ ನಡೆಯುತ್ತಿದ್ದುದು ಬೇರೆಯೇ ಲೆಕ್ಕದಲ್ಲಿ. ಡಸ್ಟಿಯ ಬದುಕಿನ ಜಾಡು ಹಿಡಿದು ಹೋದರೆ ಆ ಲೆಕ್ಕ ಸಲೀಸಾಗಿ ಅರ್ಥವಾಗುತ್ತದೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆಯನ್ನು ಮುಗಿಸಿಬಿಡೋಣ. ಅದೆಲ್ಲ ಸುಳ್ಳು ಅಲ್ವಾ? ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತದೆ, ನಿಜ. ಇದನ್ನು ತೀರ್ಮಾನಿಸುವವನಿಗೆ ಬುಕರ್ ಅನ್ನುತ್ತಾರೆ. ಯಾರು ಯಾರ ಜೊತೆ ಆಡಬೇಕು, ಜಗಳ ಹೇಗೆ ಹುಟ್ಟಬೇಕು, ಎಷ್ಟು ತಿಂಗಳು ಎಳೆಯಬೇಕು, ಹೇಗೆ ಮುಗಿಸಬೇಕು ಎಲ್ಲ ಅವನದೇ. ಬೀಳುವುದು, ಏಟು ತಿನ್ನುವುದು ಮಾತ್ರ ಮೈಮೇಲೆಯೇ ಆಗುತ್ತದೆ. ರಕ್ತವೂ ಬಹುತೇಕ ನಿಜದ್ದೇ. ಮಣಿಕಟ್ಟಿನ ಟೇಪಿನಲ್ಲಿ ಬ್ಲೇಡಿನ ತುಣುಕು ಅಡಗಿಸಿಟ್ಟುಕೊಂಡು, ಬಿದ್ದಾಗ ಯಾರಿಗೂ ಕಾಣದಂತೆ ತಮ್ಮ ಹಣೆಯನ್ನು ತಾವೇ ಕೊಯ್ದುಕೊಳ್ಳುತ್ತಿದ್ದರು. ಡಸ್ಟಿಯ ಹಣೆಯ ಕಲೆಗಳು ಹೀಗೆ ವರ್ಷಗಟ್ಟಲೆ ಕೊಯ್ದುಕೊಂಡು ಆದವು.

ಫಲಿತಾಂಶ ಮೊದಲೇ ನಿಗದಿ ಅನ್ನುವ ಗುಟ್ಟನ್ನು ಆ ಕಾಲದ ಕುಸ್ತಿಯವರು ಪ್ರಾಣದಂತೆ ಕಾಯುತ್ತಿದ್ದರು. ರಿಂಗ್‌ನಲ್ಲಿ ವೈರಿಗಳಾದವರು ಹೊರಗೆ ಒಂದೇ ಕಾರಿನಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಈ ಗುಟ್ಟಿನ ಕಟ್ಟುಪಾಡಿಗೆ ಅವರು ಕೇಫೇಬ್ ಅನ್ನುತ್ತಿದ್ದರು. 1989ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಕಂಪನಿಯೇ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಇದು ಕ್ರೀಡೆಯಲ್ಲ, ಮನರಂಜನೆ ಅಂತ ಒಪ್ಪಿಕೊಂಡಿತು. ಸತ್ಯದ ಮೇಲಿನ ಪ್ರೀತಿಯಿಂದ ಏನೂ ಅಲ್ಲ. ಕ್ರೀಡೆ ಎಂದರೆ ಸರ್ಕಾರದ ಆಯೋಗ, ಶುಲ್ಕ, ನಿಯಮ ಎಲ್ಲ ಬೆನ್ನಿಗೆ ಬೀಳುತ್ತಿದ್ದವು.

ಸರಿ, ಫಲಿತಾಂಶ ಮೊದಲೇ ಗೊತ್ತಿದ್ದರೆ ಪ್ರತಿಭೆ ಅನ್ನೋದು ಎಲ್ಲಿ ಬಂತು? ಉತ್ತರ ಟಿಕೆಟ್ ಕೌಂಟರಿನಲ್ಲಿದೆ. ಎಂಬತ್ತರ ದಶಕದವರೆಗೆ ಅಮೆರಿಕದ ಕುಸ್ತಿ ಒಂದು ಕಂಪನಿಯ ಕೈಯಲ್ಲಿ ಇರಲಿಲ್ಲ. ದೇಶವನ್ನು ಸೀಮೆಗಳಾಗಿ ಹಂಚಿಕೊಂಡಿದ್ದರು. ಫ್ಲಾರಿಡಾ ಒಬ್ಬನದು, ಕ್ಯಾರೊಲೈನಾ ಇನ್ನೊಬ್ಬನದು, ಟೆಕ್ಸಸ್‌ನಲ್ಲಿ ಬೇರೆ ಬೇರೆಯವರು. ಇವರಲ್ಲಿ ಹೆಚ್ಚಿನವರು ಸೇರಿದ್ದ ಕೂಟ 1948ರಲ್ಲಿ ಹುಟ್ಟಿದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್, ಅಂದರೆ ಎನ್‌ಡಬ್ಲ್ಯುಎ. ಪ್ರತಿ ಸೀಮೆಯಲ್ಲೂ ವಾರಕ್ಕೊಮ್ಮೆ ಒಂದು ಚಿಕ್ಕ ಸ್ಟುಡಿಯೊದಲ್ಲಿ ಟಿವಿ ಕಾರ್ಯಕ್ರಮ ನಡೆಯುತ್ತಿತ್ತು. ಅದು ಪುಕ್ಕಟೆ. ಆ ಕಾರ್ಯಕ್ರಮ ಇದ್ದದ್ದೇ ಜನರನ್ನು ಕೆಣಕಿ, ಮುಂದಿನ ವಾರ ಊರಿನ ಅಖಾಡಕ್ಕೆ ದುಡ್ಡು ಕೊಟ್ಟು ಬರುವಂತೆ ಮಾಡುವುದಕ್ಕೆ. ಅಲ್ಲಿ ಪೈಲ್ವಾನನ ಕೈಗೆ ಮೈಕ್ ಕೊಡುತ್ತಿದ್ದರು. ಎರಡು ಮೂರು ನಿಮಿಷ. ಎದುರಾಳಿಗೆ ಏನು ಗತಿ ಕಾಣಿಸ್ತೀನಿ, ಯಾಕೆ ಕಾಣಿಸ್ತೀನಿ, ಯಾವತ್ತು ಎಲ್ಲಿ ಕಾಣಿಸ್ತೀನಿ ಅಂತ ಹೇಳಬೇಕು. ಇದಕ್ಕೆ ಪ್ರೋಮೊ ಅನ್ನುತ್ತಾರೆ. ಚೆನ್ನಾಗಿ ಮಾತನಾಡಿದವನ ಅಖಾಡ ತುಂಬಿತು, ತಡವರಿಸಿದವನದು ಖಾಲಿ ಹೊಡೆಯಿತು.

ನಮ್ಮ ತಾಳಮದ್ದಲೆ ನೋಡಿದವರಿಗೆ ಈ ಕಲೆ ಹೊಸದಲ್ಲ. ಕರ್ಣ ಸಾಯುತ್ತಾನೆ ಅಂತ ಸಭೆಗೆಲ್ಲ ಗೊತ್ತು. ಆದರೂ ಅರ್ಥಧಾರಿ ಆ ಹೊತ್ತಿಗೆ ಹೊಳೆದ ಮಾತಿನಲ್ಲಿ ಕರ್ಣನ ಪರ ವಾದ ಮಾಡುವಾಗ ಜನ ಬೆಳಗಿನ ಜಾವದವರೆಗೆ ಕೂತಿರುತ್ತಾರೆ. ಆಗಿನ ಪ್ರೋಮೊಗಳೂ ಬರೆದುಕೊಟ್ಟ ಮಾತಲ್ಲ. ಬುಕರ್ ಸಂಗತಿ ಹೇಳುತ್ತಿದ್ದ, ಮಾತು ಪೈಲ್ವಾನನದೇ. ಈ ಕೆಲಸದಲ್ಲಿ ಡಸ್ಟಿಗೆ ಸರಿಸಾಟಿಯಾದವರು ಬೆರಳೆಣಿಕೆಯಷ್ಟು ಮಾತ್ರ.

ಡಸ್ಟಿಯ ನಿಜವಾದ ಹೆಸರು ವರ್ಜಿಲ್ ರೈಲಿ ರನ್ನೆಲ್ಸ್ ಜೂನಿಯರ್. ಹುಟ್ಟಿದ್ದು 1945ರ ಅಕ್ಟೋಬರ್‌ನಲ್ಲಿ, ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಅಪ್ಪ ಪ್ಲಂಬರ್. ಮನೆಯಲ್ಲಿ ದುಡ್ಡಿರಲಿಲ್ಲ. ಫುಟ್‌ಬಾಲ್, ಬೇಸ್‌ಬಾಲ್ ಆಡಿಕೊಂಡು ವೆಸ್ಟ್ ಟೆಕ್ಸಸ್ ಸ್ಟೇಟ್ ಕಾಲೇಜಿನ ಮೆಟ್ಟಿಲು ಹತ್ತಿದ. ಟೆರಿ ಫಂಕ್, ಸ್ಟ್ಯಾನ್ ಹ್ಯಾನ್ಸನ್, ಟೆಡ್ ಡಿಬಿಯಾಸಿ ಎಲ್ಲರೂ ಅದೇ ಕಾಲೇಜಿನ ಫುಟ್‌ಬಾಲ್‌ನವರು. ಅಷ್ಟು ಪೈಲ್ವಾನರು ಒಂದೇ ಕಾಲೇಜಿನಿಂದ ಬಂದದ್ದು ಸೋಜಿಗವೇ. ಅರವತ್ತರ ದಶಕದ ಕೊನೆಗೆ ಡಸ್ಟಿ ಕುಸ್ತಿಗೆ ಇಳಿದ. ಡಿಕ್ ಮರ್ಡಾಕ್ ಎಂಬ ಇನ್ನೊಬ್ಬ ಟೆಕ್ಸಸ್‌ನವನ ಜೊತೆ ಸೇರಿ ಟೆಕ್ಸಸ್ ಔಟ್‌ಲಾಸ್ ಅನ್ನುವ ಜೋಡಿ ಕಟ್ಟಿಕೊಂಡ. ಇಬ್ಬರೂ ಖಳನಾಯಕರು. ಮೋಸ ಮಾಡುವುದು, ಜನರಿಂದ ಬೈಸಿಕೊಳ್ಳುವುದು ಅವರ ಕಸುಬು. ಕುಸ್ತಿಯವರ ಮಾತಿನಲ್ಲಿ ಇಂಥವರು ಹೀಲ್, ಒಳ್ಳೆಯವರು ಬೇಬಿಫೇಸ್.

1974ರಲ್ಲಿ ಫ್ಲಾರಿಡಾದಲ್ಲಿ ಎಲ್ಲ ಬದಲಾಯಿತು. ಆಗ ಡಸ್ಟಿ, ಗ್ಯಾರಿ ಹಾರ್ಟ್ ಎಂಬ ಕುತಂತ್ರಿ ಮ್ಯಾನೇಜರನ ಗುಂಪಿನಲ್ಲಿದ್ದ. ಜೊತೆಗಾರ ಪಾಕ್ ಸಾಂಗ್. ಒಂದು ಪಂದ್ಯದಲ್ಲಿ ಡಸ್ಟಿ ಇವರಿಬ್ಬರ ಮೇಲೇ ತಿರುಗಿಬಿದ್ದ. ಖಳ ಒಳ್ಳೆಯವನಾಗುವುದು ಕುಸ್ತಿಯಲ್ಲಿ ಹಳೆಯ ತಂತ್ರವೇ. ಆದರೆ ಸಾಮಾನ್ಯವಾಗಿ ಜನ ಒಪ್ಪಿಕೊಳ್ಳೋಕೆ ಸಮಯ ತಗೊಳ್ತಾರೆ. ಇಲ್ಲಿ ಹಾಗಾಗಲಿಲ್ಲ. ಫ್ಲಾರಿಡಾದ ಜನ ಅವನನ್ನು ತಕ್ಷಣ ಎತ್ತಿಕೊಂಡರು. ತನ್ನನ್ನು ತಾನು ‘ಅಮೆರಿಕನ್ ಡ್ರೀಮ್’ ಅಂತ ಕರೆದುಕೊಂಡ. ಪ್ಲಂಬರನ ಮಗ, ದಪ್ಪ ಹೊಟ್ಟೆಯವನು, ಆದರೂ ಇಲ್ಲಿಯವರೆಗೆ ಬಂದೆ ಅನ್ನುವುದೇ ಅವನ ಕಥೆ. ಹೊಟ್ಟೆಯನ್ನು ಮುಚ್ಚಿಡಲಿಲ್ಲ, ಕುಣಿಸಿದ. ಅವನ ಮುಖ್ಯ ಪಟ್ಟು ಕೂಡ ಎಂಥದ್ದು ಗೊತ್ತಾ? ಮೊಣಕೈ ಎತ್ತಿ ತಲೆಗೆ ಕುಟ್ಟುವುದು. ಅಷ್ಟೇ. ಅದಕ್ಕೆ ಮೊದಲು ಒಂದಷ್ಟು ಕೈ ತಿರುಗಿಸಿ, ಹೆಜ್ಜೆ ಹಾಕಿ, ಸಭಾಂಗಣವೆಲ್ಲ ಎದ್ದು ನಿಲ್ಲುವವರೆಗೆ ಕಾಯುತ್ತಿದ್ದ. ಏಟಿಗಿಂತ ಆ ಕಾಯುವಿಕೆಯಲ್ಲೇ ಅವನ ಕೈಚಳಕ ಇತ್ತು ಅಂತ ನನಗನ್ನಿಸುತ್ತದೆ.

ಅವನ ಮಾತಿನ ಧಾಟಿ ಎಲ್ಲಿಂದ ಬಂತು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಡಸ್ಟಿ ಬಿಳಿಯ. ಆದರೆ ಆ ಏರಿಳಿತ, ಆ ಪ್ರಾಸ, ಕೇಳುಗರನ್ನು ‘ಹೌದು’ ಅನ್ನಿಸುತ್ತಾ ಕರೆದೊಯ್ಯುವ ರೀತಿ, ಎಲ್ಲವೂ ಕಪ್ಪು ಜನರ ಚರ್ಚ್‌ಗಳ ಉಪದೇಶಕರ ಧಾಟಿ. ಥಂಡರ್‌ಬೋಲ್ಟ್ ಪ್ಯಾಟರ್ಸನ್ ಎಂಬ ಕಪ್ಪು ಪೈಲ್ವಾನ ಅದಕ್ಕೂ ಮೊದಲೇ ಹಾಗೆ ಮಾತನಾಡುತ್ತಿದ್ದ. ಡಸ್ಟಿ ಅವನಿಂದ ಬಹಳಷ್ಟು ಎತ್ತಿಕೊಂಡ ಅಂತ ಆ ಧಂದೆಯವರೇ ಹೇಳುತ್ತಾ ಬಂದಿದ್ದಾರೆ. ಪೈಲ್ವಾನರಿಗೆ ಒಂದು ಸಂಘ ಬೇಕು, ಸರಿಯಾದ ಕೂಲಿ ಬೇಕು ಅಂತ ಎದ್ದು ನಿಂತದ್ದಕ್ಕೆ ಪ್ಯಾಟರ್ಸನ್‌ಗೆ ಕೆಲಸವೇ ಸಿಗದಂತಾಯಿತು. ಡಸ್ಟಿ ದೊಡ್ಡ ತಾರೆಯಾದ. ಕಪ್ಪು ಜನ ಡಸ್ಟಿಯನ್ನು ತುಂಬಾ ಪ್ರೀತಿಸಿದರು ಅನ್ನುವುದೂ ನಿಜ, ಈ ಲೆಕ್ಕ ಸಮ ಆಗಲಿಲ್ಲ ಅನ್ನುವುದೂ ನಿಜ. ಪ್ಯಾಟರ್ಸನ್‌ನನ್ನು ಡಬ್ಲ್ಯುಡಬ್ಲ್ಯುಇ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2024ರಲ್ಲಿ. ಡಸ್ಟಿ ಸೇರಿದ್ದು 2007ರಲ್ಲೇ.

ಇಷ್ಟು ಜನಪ್ರಿಯನಾದವನು ವರ್ಷಗಟ್ಟಲೆ ಚಾಂಪಿಯನ್ ಆಗಿದ್ದಿರಬೇಕು ಅಂದುಕೊಳ್ಳುತ್ತೀರಿ. 1979ರ ಆಗಸ್ಟ್‌ನಲ್ಲಿ ಟ್ಯಾಂಪಾದಲ್ಲಿ ಹಾರ್ಲಿ ರೇಸ್‌ನನ್ನು ಸೋಲಿಸಿ ಎನ್‌ಡಬ್ಲ್ಯುಎ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಗೆದ್ದ. ಐದೇ ದಿನಕ್ಕೆ ಅದನ್ನು ಹಾರ್ಲಿಗೇ ಸೋತ. 1981ರ ಜೂನ್‌ನಲ್ಲಿ ಅಟ್ಲಾಂಟಾದಲ್ಲಿ ಮತ್ತೆ ಗೆದ್ದ, ಸೆಪ್ಟೆಂಬರ್‌ನಲ್ಲಿ ರಿಕ್ ಫ್ಲೇರ್‌ಗೆ ಸೋತ. 1986ರ ಜುಲೈನಲ್ಲಿ ಫ್ಲೇರ್‌ನಿಂದ ಕಿತ್ತುಕೊಂಡ, ಎರಡೇ ವಾರದಲ್ಲಿ ವಾಪಸ್ ಕೊಟ್ಟ. ಮೂರೂ ಸೇರಿದರೆ ನಾಲ್ಕು ತಿಂಗಳೂ ತುಂಬುವುದಿಲ್ಲ.

ಇದರ ಹಿಂದೆ ಅಪ್ಪಟ ವ್ಯಾಪಾರದ ತರ್ಕ ಇದೆ. ಎನ್‌ಡಬ್ಲ್ಯುಎ ಚಾಂಪಿಯನ್ ಒಂದು ಊರಿನವನಲ್ಲ. ಸೀಮೆಯಿಂದ ಸೀಮೆಗೆ ತಿರುಗುತ್ತಾ, ಪ್ರತಿ ಕಡೆಯೂ ಅಲ್ಲಿನ ಹೀರೊ ಜೊತೆ ಆಡಬೇಕು. ಆ ಹೀರೊ ಇನ್ನೇನು ಗೆದ್ದೇಬಿಟ್ಟ ಅನ್ನುವಂತೆ ತೋರಿಸಬೇಕು. ಕೊನೆಗೆ ಏನಾದರೂ ಕಿತಾಪತಿ ಮಾಡಿ ಬೆಲ್ಟ್ ಉಳಿಸಿಕೊಂಡು ಮುಂದಿನ ಊರಿಗೆ ಹೋಗಬೇಕು. ಜನ ಅವನನ್ನು ಶಪಿಸುತ್ತಾ ಮುಂದಿನ ಸಲಕ್ಕೆ ಕಾಯಬೇಕು. ಈ ಪಾತ್ರಕ್ಕೆ ಖಳನೇ ಸರಿ. ರೇಸ್, ಫ್ಲೇರ್ ಇಬ್ಬರೂ ಇದರಲ್ಲಿ ಪಳಗಿದವರು. (ಬೆಲ್ಟ್ ಹೊತ್ತುಕೊಂಡು ಓಡಿಹೋದರೆ? ಅದಕ್ಕೇ ಚಾಂಪಿಯನ್‌ನಿಂದ ಠೇವಣಿ ಇಡಿಸಿಕೊಳ್ಳುತ್ತಿದ್ದರು. 1991ರಲ್ಲಿ ಠೇವಣಿ ವಾಪಸ್ ಬರಲಿಲ್ಲ ಅಂತ ಫ್ಲೇರ್ ಬೆಲ್ಟ್ ಸಮೇತ ಎದುರಾಳಿ ಕಂಪನಿಗೇ ಹೋಗಿಬಿಟ್ಟ.) ಡಸ್ಟಿಯಂಥವನ ಬೆಲೆ ಇರುವುದು ಬೆಲ್ಟ್ ಹಿಂದೆ ಓಡುವಾಗ. ಗೆದ್ದ ಮರುದಿನವೇ ಆ ಕಥೆಯ ಕಾವು ಇಳಿಯುತ್ತದೆ.

ಆ ಓಟದ ಅತ್ಯುತ್ತಮ ಗಳಿಗೆ 1985ರಲ್ಲಿ ಬಂತು. ಅಷ್ಟರಲ್ಲಿ ಡಸ್ಟಿ ಉತ್ತರ ಕ್ಯಾರೊಲೈನಾದ ಜಿಮ್ ಕ್ರಾಕೆಟ್ ಪ್ರೊಮೋಷನ್ಸ್‌ಗೆ ಬಂದಿದ್ದ. ಎದುರಾಳಿ ಫ್ಲೇರ್: ಹೊಳೆಯುವ ನಿಲುವಂಗಿ, ರೋಲೆಕ್ಸ್ ವಾಚು, ಲಿಮೊಸಿನ್, ಬಾಯಿ ತೆರೆದರೆ ತನ್ನ ದುಡ್ಡಿನದೇ ಮಾತು. ಸೆಪ್ಟೆಂಬರ್ ಕೊನೆಗೆ ಅಟ್ಲಾಂಟಾದ ಓಮ್ನಿ ಅಖಾಡದಲ್ಲಿ ಪಂಜರದೊಳಗೆ ರಷ್ಯನ್ನರ ಪಾತ್ರದ ಖಳರು ಫ್ಲೇರ್‌ಗೆ ಹೊಡೆಯುತ್ತಿದ್ದಾಗ ಡಸ್ಟಿ ಬಂದು ಬಿಡಿಸಿದ. ಅದಕ್ಕೆ ಕೃತಜ್ಞತೆಯಾಗಿ ಫ್ಲೇರ್ ಮತ್ತು ಅವನ ಜೊತೆಗಾರರಾದ ಆ್ಯಂಡರ್ಸನ್‌ಗಳು ಪಂಜರದ ಬಾಗಿಲು ಹಾಕಿ ಅವನ ಕಾಲಿನ ಗೆಣ್ಣು ಮುರಿದರು. ಕಥೆಯಲ್ಲಿ, ಅಂತ ಸೇರಿಸಿಕೊಳ್ಳಿ.

ಕೆಲವು ವಾರದ ನಂತರ ಡಸ್ಟಿ ಟಿವಿಯಲ್ಲಿ ಮಾತಿಗೆ ನಿಂತ. ಆ ಪ್ರೋಮೊ ‘ಹಾರ್ಡ್ ಟೈಮ್ಸ್’ ಅಂತಲೇ ಹೆಸರಾಯಿತು. ನನ್ನ ಕಾಲು ಮುರಿದೆ, ನನ್ನ ಮನೆಯವರಿಗೆ ಕಷ್ಟದ ದಿನ ತಂದೆ ಅಂತ ಫ್ಲೇರ್‌ಗೆ ಹೇಳಿ, ಆಮೇಲೆ ಮಾತನ್ನು ಕುಸ್ತಿಯಿಂದ ಹೊರಗೆ ಎಳೆದುಕೊಂಡು ಹೋದ. ಕಷ್ಟದ ದಿನ ಅಂದರೇನು ನಿನಗೆ ಗೊತ್ತಿಲ್ಲ. ಬಟ್ಟೆ ಗಿರಣಿಯವರಿಗೆ ಕೆಲಸ ಇಲ್ಲ, ನಾಲ್ಕೈದು ಮಕ್ಕಳು, ಊಟಕ್ಕಿಲ್ಲ, ಅದು ಕಷ್ಟ. ಕಾರು ಕಾರ್ಖಾನೆಯವರನ್ನು ಮನೆಗೆ ಹೋಗಿ ಅಂತಾರಲ್ಲ, ಅದು ಕಷ್ಟ. ಮೂವತ್ತು ವರ್ಷ ದುಡಿದವನ ಕೈಗೆ ಒಂದು ವಾಚು ಕೊಟ್ಟು, ನಿನ್ನ ಜಾಗಕ್ಕೆ ಕಂಪ್ಯೂಟರ್ ಬಂದಿದೆ ಅಂತ ಒದ್ದು ಕಳಿಸ್ತಾರಲ್ಲ, ಅದು ಕಷ್ಟ.

ನೋಡುತ್ತಿದ್ದವರು ಯಾರು ಅನ್ನೋದನ್ನು ನೆನಪಿಡಬೇಕು. ಕ್ಯಾರೊಲೈನಾಗಳೆಂದರೆ ಬಟ್ಟೆ ಗಿರಣಿಗಳ ನಾಡು. ಆಗ ಅಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಡಸ್ಟಿ ಹೇಳುತ್ತಿದ್ದುದು ಅವರ ಅಡುಗೆಮನೆಯ ಸುದ್ದಿ. ನನ್ನ ಹೊಟ್ಟೆ ಸ್ವಲ್ಪ ದೊಡ್ಡದು, ಹಿಂಭಾಗವೂ ಸ್ವಲ್ಪ ದೊಡ್ಡದು, ಆದರೆ ನಾನು ಕಮ್ಮಿ ಆಸಾಮಿ ಅಲ್ಲ ಅಂತ ನಡುವೆ ನಗಿಸಿದ. ಕೊನೆಗೆ ಕ್ಯಾಮೆರಾ ಕಡೆ ಕೈ ಚಾಚಿ, ನನ್ನ ಕೈ ನಿಮ್ಮ ಕೈಯನ್ನು ಮುಟ್ಟುತ್ತಿದೆ ಅಂದ. ಹೇಳಿಕೇಳಿ ಎಲ್ಲವೂ ನವೆಂಬರ್‌ನ ದೊಡ್ಡ ಪಂದ್ಯದ ಟಿಕೆಟ್ ಮಾರುವುದಕ್ಕೆ ಮಾಡಿದ ಜಾಹೀರಾತು. ಹಾಗಂತ ಆ ಮಾತಿನಲ್ಲಿದ್ದ ಬಿಸಿ ಸುಳ್ಳು ಅನ್ನೋಕೆ ಬಾಯಿ ಬರುವುದಿಲ್ಲ.

ಆ ದೊಡ್ಡ ಪಂದ್ಯದಲ್ಲಿ ಏನಾಯಿತು? ಅದು ಕ್ರಾಕೆಟ್ ಕಂಪನಿ ವರ್ಷಕ್ಕೊಮ್ಮೆ ನಡೆಸುತ್ತಿದ್ದ ದೊಡ್ಡ ಕಾರ್ಯಕ್ರಮ, 1985ರ ಸ್ಟಾರ್‌ಕೇಡ್. ರೆಫ್ರಿ ಪೆಟ್ಟು ತಿಂದು ಬಿದ್ದ. ಗಲಾಟೆಯ ನಡುವೆ ಎರಡನೇ ರೆಫ್ರಿ ಓಡಿಬಂದು ಮೂರು ಎಣಿಸಿದ. ಡಸ್ಟಿ ಗೆದ್ದ! ಜನ ಕುಣಿದಾಡಿದರು. ಆಮೇಲೆ ತೀರ್ಪು ಬದಲಾಯಿತು: ಹೊರಗಿನವರು ನುಗ್ಗಿದ್ದನ್ನು ಮೊದಲ ರೆಫ್ರಿ ಕಂಡಿದ್ದ, ಹಾಗಾಗಿ ಇದು ಡಿಸ್‌ಕ್ವಾಲಿಫಿಕೇಷನ್ ಗೆಲುವು, ಅಂದರೆ ಎದುರಾಳಿಯ ಕಡೆಯವರು ನಿಯಮ ಮುರಿದದ್ದಕ್ಕೆ ಸಿಕ್ಕ ಗೆಲುವು. ಡಿಸ್‌ಕ್ವಾಲಿಫಿಕೇಷನ್‌ನಲ್ಲಿ ಬೆಲ್ಟ್ ಕೈ ಬದಲಾಗುವುದಿಲ್ಲ. ಫ್ಲೇರ್ ಚಾಂಪಿಯನ್ ಆಗಿಯೇ ಉಳಿದ. ಹೀಗೆ ಗೆಲುವು ತೋರಿಸಿ ಕಸಿದುಕೊಳ್ಳುವ ಮುಕ್ತಾಯಕ್ಕೆ ಕುಸ್ತಿಯಲ್ಲಿ ಇವತ್ತಿಗೂ ‘ಡಸ್ಟಿ ಫಿನಿಶ್’ ಅಂತಲೇ ಹೆಸರು. ಯಾಕೆಂದರೆ ಇದನ್ನು ಬರೆದವನು ಡಸ್ಟಿಯೇ. ಅವನು ಬರೀ ಹೀರೊ ಅಲ್ಲ, ಆ ಕಂಪನಿಯ ಬುಕರ್ ಕೂಡ.

ಬುಕರ್ ಆಗಿ ಅವನ ತಲೆ ಓಡುತ್ತಿದ್ದ ವೇಗ ದೊಡ್ಡದು. ಮೊದಲ ಸ್ಟಾರ್‌ಕೇಡ್ ನಡೆದದ್ದು 1983ರ ನವೆಂಬರ್‌ನಲ್ಲಿ, ಗ್ರೀನ್ಸ್‌ಬರೊದಲ್ಲಿ. ಬೇರೆ ಊರುಗಳ ಸಭಾಂಗಣಗಳಲ್ಲಿ ಪರದೆ ಕಟ್ಟಿ ನೇರ ತೋರಿಸಿದರು. ಡಬ್ಲ್ಯುಡಬ್ಲ್ಯುಎಫ್‌ನ ಅಂಥದ್ದೇ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾ ಮೊದಲು ಬಂದದ್ದು ಅದಾದ ಮೇಲೆ, 1985ರಲ್ಲಿ. ಎರಡು ರಿಂಗ್‌ಗಳನ್ನು ಒಂದೇ ಪಂಜರದಲ್ಲಿ ಮುಚ್ಚಿ ಐದೈದು ಜನರನ್ನು ಕಾದಾಡಿಸುವ ವಾರ್‌ಗೇಮ್ಸ್ ಕೂಡ ಅವನದೇ ಕಲ್ಪನೆ. 1987ರ ಜುಲೈ 4ರಂದು ಓಮ್ನಿಯಲ್ಲಿ ಶುರುವಾದದ್ದನ್ನು ಡಬ್ಲ್ಯುಡಬ್ಲ್ಯುಇ ಈಗಲೂ ನಡೆಸುತ್ತಿದೆ.

ಆದರೆ ಕಥೆ ಬರೆಯುವವನೇ ಹೀರೊ ಆದಾಗ ಆಗುವ ತೊಂದರೆ ಡಸ್ಟಿಗೂ ಆಯಿತು. ತನ್ನ ವಯಸ್ಸು ನಲವತ್ತು ದಾಟಿದ ಮೇಲೂ ಮುಖ್ಯ ಪಾತ್ರ ತನಗೇ ಇಟ್ಟುಕೊಂಡ. ಡಸ್ಟಿ ಫಿನಿಶ್ ಅನ್ನು ವಿಪರೀತ ಬಳಸಿದ. 1987ರ ಸ್ಟಾರ್‌ಕೇಡ್ ಅನ್ನು ಷಿಕಾಗೊಗೆ ಒಯ್ದು, ಆ ಊರಿನವರೆಂದೇ ಕುಸ್ತಿಯಲ್ಲಿ ಪರಿಚಯಿಸುತ್ತಿದ್ದ ರೋಡ್ ವಾರಿಯರ್ಸ್ ಜೋಡಿಗೆ ಅದೇ ರೀತಿ ಗೆಲುವು ತೋರಿಸಿ ಕಸಿದುಕೊಂಡ. ಟಿಕೆಟ್ ಕೊಂಡವನಿಗೆ ಒಮ್ಮೆ ಹೀಗಾದರೆ ಮತ್ತೆ ಬರುತ್ತಾನೆ. ಪದೇಪದೇ ಆದರೆ ಬರುವುದಿಲ್ಲ. ಕಂಪನಿಯ ಖರ್ಚೂ ಕೈಮೀರಿತ್ತು. 1988ರ ನವೆಂಬರ್‌ನಲ್ಲಿ ಕ್ರಾಕೆಟ್ ಅದನ್ನು ಟಿವಿ ಉದ್ಯಮಿ ಟೆಡ್ ಟರ್ನರ್‌ಗೆ ಮಾರಿದ. ಹೊಸ ಮಾಲೀಕರಿಗೆ ಟಿವಿಯಲ್ಲಿ ರಕ್ತ ಬೇಡವಾಗಿತ್ತು. ಡಸ್ಟಿ ತನ್ನ ಕಣ್ಣಿಗೆ ಮೊಳೆ ಚುಚ್ಚಿಸಿಕೊಂಡು ರಕ್ತ ಸುರಿಸುವ ದೃಶ್ಯವನ್ನೇ ತೋರಿಸಿದ. ಕೆಲಸ ಹೋಯಿತು.

ಮುಂದಿನ ನಿಲ್ದಾಣ ವಿನ್ಸ್ ಮೆಕ್‌ಮಹನ್‌ನ ಡಬ್ಲ್ಯುಡಬ್ಲ್ಯುಎಫ್. 1989ರಲ್ಲಿ ಅಲ್ಲಿ ಅವನಿಗೆ ಕಪ್ಪು ಬಟ್ಟೆಯ ಮೇಲೆ ದೊಡ್ಡ ದೊಡ್ಡ ಹಳದಿ ಚುಕ್ಕೆಗಳ ಉಡುಪು ತೊಡಿಸಿದರು. ಪಿಜ್ಜಾ ತಲುಪಿಸುವ, ಕೊಳಾಯಿ ರಿಪೇರಿ ಮಾಡುವ ವಿಡಿಯೊಗಳನ್ನು ತೆಗೆದರು. ಇಷ್ಟು ದಿನ ಎದುರಾಳಿ ಕಂಪನಿ ನಡೆಸಿದವನನ್ನು ಬೇಕಂತಲೇ ಅವಮಾನಿಸಿದರು ಅಂತ ಅಭಿಮಾನಿಗಳು ಈಗಲೂ ಜಗಳ ಆಡುತ್ತಾರೆ. ಟೆಡ್ ಡಿಬಿಯಾಸಿಯ ಅಂಗರಕ್ಷಕನ ಪಾತ್ರಕ್ಕೆ ವರ್ಜಿಲ್ ಅಂತ ಹೆಸರಿಟ್ಟದ್ದು ಡಸ್ಟಿಯನ್ನು ಅಣಕಿಸಲೆಂದೇ ಅನ್ನುವ ಮಾತಂತೂ ಮೊದಲಿಂದ ಇದೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಆ ಚುಕ್ಕೆ ಬಟ್ಟೆಯಲ್ಲೂ ಜನ ಅವನ ಜೊತೆ ಕುಣಿದರು. ಸಫೈರ್ ಎಂಬ ನಡುವಯಸ್ಸಿನ, ದಪ್ಪ ಮೈಯ ಕಪ್ಪು ಮಹಿಳೆ ಜೊತೆಗಾತಿಯಾಗಿ ಬಂದಳು. 1990ರಲ್ಲಿ ಟೊರಾಂಟೊದ ರೆಸಲ್‌ಮೇನಿಯಾದಲ್ಲಿ ಇಬ್ಬರೂ ಸೇರಿ ರ‍್ಯಾಂಡಿ ಸ್ಯಾವೇಜ್ ಮತ್ತು ಶೆರಿಯನ್ನು ಸೋಲಿಸಿದರು. ಅದೇ ವರ್ಷ ನವೆಂಬರ್‌ನ ಸರ್ವೈವರ್ ಸೀರೀಸ್‌ನಲ್ಲಿ ಡಿಬಿಯಾಸಿಯ ತಂಡಕ್ಕೆ ಹೊಸಬನೊಬ್ಬ ಬಂದು ಡಸ್ಟಿಯನ್ನು ಪಂದ್ಯದಿಂದ ಹೊರಗಟ್ಟಿದ. ಆ ಹೊಸಬ ಅಂಡರ್‌ಟೇಕರ್. ನಮ್ಮ ಟ್ರಂಪ್ ಕಾರ್ಡ್ ಪೀಳಿಗೆಗೆ ಅಂಡರ್‌ಟೇಕರ್ ಗೊತ್ತು, ಅವನ ಮೊದಲ ದಿನ ಎದುರಿಗೆ ಯಾರಿದ್ದರು ಅಂತ ಗೊತ್ತಿರಲಿಲ್ಲ.

ಮುಂದೆ ಟರ್ನರ್‌ನ ಡಬ್ಲ್ಯುಸಿಡಬ್ಲ್ಯುಗೆ (ಕ್ರಾಕೆಟ್‌ನಿಂದ ಕೊಂಡ ಕಂಪನಿಯ ಹೊಸ ಹೆಸರು) ಮರಳಿ ಬುಕಿಂಗ್, ಕಾಮೆಂಟರಿ ಅಂತ ವರ್ಷಗಳು ಕಳೆದವು. ಕೊನೆಯ ಹತ್ತು ವರ್ಷ ಡಬ್ಲ್ಯುಡಬ್ಲ್ಯುಇಯಲ್ಲಿ ಹೊಸಬರಿಗೆ ಪಾಠ. ಫ್ಲಾರಿಡಾದ ತರಬೇತಿ ಕೇಂದ್ರದಲ್ಲಿ ಅವನ ಪ್ರೋಮೊ ಕ್ಲಾಸಿಗೆ ದೊಡ್ಡ ಹೆಸರಿತ್ತು. ಮೈಕ್ ಕೊಟ್ಟು, ನೀನು ಯಾರು ಅನ್ನೋದನ್ನು ಹೇಳು ಅನ್ನುತ್ತಿದ್ದ. ಸೆತ್ ರಾಲಿನ್ಸ್, ಬೇಯ್ಲಿ, ಬೆಕಿ ಲಿಂಚ್, ರೋಮನ್ ರೇನ್ಸ್ ಎಲ್ಲರೂ ಅವನ ಕೈಕೆಳಗೆ ಕಲಿತವರು. 2015ರ ಜೂನ್ 11ರಂದು ಒರ್ಲ್ಯಾಂಡೊದಲ್ಲಿ ತೀರಿಕೊಂಡಾಗ 69 ವರ್ಷ.

ಅವನ ಇಬ್ಬರು ಗಂಡುಮಕ್ಕಳೂ ಪೈಲ್ವಾನರೇ. ದೊಡ್ಡವನು ಡಸ್ಟಿನ್, ಬಂಗಾರದ ಬಣ್ಣ ಬಳಿದುಕೊಂಡು ಬರುತ್ತಿದ್ದ ಗೋಲ್ಡ್‌ಡಸ್ಟ್ ಅಂದರೆ ಬಹಳ ಜನಕ್ಕೆ ನೆನಪಾಗುತ್ತದೆ. ಚಿಕ್ಕವನು ಕೋಡಿ. 2022ರಲ್ಲಿ ಕೋಡಿ ಡಬ್ಲ್ಯುಡಬ್ಲ್ಯುಇಗೆ ಮರಳಿದಾಗ ಎತ್ತಿಕೊಂಡ ವಿಷಯ 1977ರದ್ದು. ಆ ವರ್ಷ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡಸ್ಟಿ, ಈಗಿನ ಡಬ್ಲ್ಯುಡಬ್ಲ್ಯುಇ ಕಂಪನಿಯ ಆಗಿನ ಚಾಂಪಿಯನ್ ಬಿಲ್ಲಿ ಗ್ರಹಾಂನ ಎದುರು ಗೆದ್ದಿದ್ದ. ಆದರೆ ಗ್ರಹಾಂ ರಿಂಗ್‌ನ ಹೊರಗೆ ಉಳಿದು ಎಣಿಕೆ ಮುಗಿದದ್ದರಿಂದ ಬಂದ ಗೆಲುವು ಅದು. ಹಾಗೆ ಗೆದ್ದರೂ ಬೆಲ್ಟ್ ಸಿಗುವುದಿಲ್ಲ. ಅಪ್ಪನಿಗೆ ಸಿಗದ ಆ ಬೆಲ್ಟ್ ನನಗೆ ಬೇಕು ಅನ್ನುವುದು ಕೋಡಿಯ ಕಥೆ. ಅಡ್ಡ ನಿಂತವನು ರೋಮನ್ ರೇನ್ಸ್. 2023ರ ಆರಂಭದಲ್ಲಿ ರೇನ್ಸ್ ಪರವಾಗಿ ಪಾಲ್ ಹೇಮನ್ ಬಂದು ಕೋಡಿಗೆ ಒಂದು ಮಾತು ಹೇಳಿದ: ನೀನು ಡಸ್ಟಿಯ ಅಚ್ಚುಮೆಚ್ಚಿನ ಮಗ, ಆದರೆ ಡಸ್ಟಿ ಬಯಸಿದ್ದ ಮಗ ರೋಮನ್. ಕ್ರೂರ ಮಾತು. ಕಥೆಯಲ್ಲೇ ಹೇಳಿದ್ದು, ಆದರೆ ರೋಮನ್ ನಿಜವಾಗಿಯೂ ಡಸ್ಟಿಯ ಶಿಷ್ಯ ಆಗಿದ್ದರಿಂದಲೇ ಅದು ನಾಟಿತು. ಆ ವರ್ಷ ಕೋಡಿ ಸೋತ. 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ, ರೇನ್ಸ್‌ನ 1,316 ದಿನದ ಆಳ್ವಿಕೆ ಮುಗಿಸಿ ಗೆದ್ದ. ಈ ಸಲ ಯಾವ ರೆಫ್ರಿಯೂ ತೀರ್ಪು ಬದಲಿಸಲಿಲ್ಲ.

ಡಸ್ಟಿಯನ್ನು ಹೊಸದಾಗಿ ನೋಡಬೇಕು ಅನ್ನಿಸಿದರೆ ಪಂದ್ಯಗಳಿಂದ ಶುರುಮಾಡಬೇಡಿ. ಇವತ್ತಿನ ವೇಗಕ್ಕೆ ಅವು ನಿಧಾನ ಅನ್ನಿಸುತ್ತವೆ. ‘ಹಾರ್ಡ್ ಟೈಮ್ಸ್’ ಪ್ರೋಮೊ ಯೂಟ್ಯೂಬ್‌ನಲ್ಲಿ ಸಿಗುತ್ತದೆ, ನಾಲ್ಕು ನಿಮಿಷವೂ ಇಲ್ಲ. ಅದನ್ನು ನೋಡಿ, ಆಮೇಲೆ 1985ರ ಸ್ಟಾರ್‌ಕೇಡ್‌ನ ಕೊನೆಯ ಪಂದ್ಯ ನೋಡಿ. ತೀರ್ಪು ಬದಲಾಗುತ್ತದೆ ಅಂತ ಈಗ ನಿಮಗೆ ಗೊತ್ತು. ಆದರೂ ಸಿಟ್ಟು ಬರುತ್ತದೆ.